ಚುಚ್ಚಿದ್ದನ್ನು ಮೊದಲು ಹುಡುಕು

ಕೂಡ್ಲಿಗಿ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗಲೇ ನನ್ನ ಸೈಕಲ್ಲಿನ ಹಿಂದಿನ ಗಾಲಿ ಮೂರನೇ ಸಲ ಕುಸಿಯಿತು. ದಸರಾ ರಜೆಯ ಮೊದಲ ದಿನ ಅದು. ಚಿತ್ರದುರ್ಗದಿಂದ ರಾಷ್ಟ್ರೀಯ ಹೆದ್ದಾರಿ 50ನ್ನು ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್, ವಿಜಯಪುರ, ಕಲಬುರಗಿ ದಾಟಿ ಬೀದರ್ ಮುಟ್ಟಬೇಕೆಂದು ಹೊರಟಿದ್ದೆ. ಹೆಚ್ಚುಕಡಿಮೆ 600 ಕಿಲೋಮೀಟರ್, ಎಂಟು ದಿನದ ಲೆಕ್ಕ. ನಾನು ಹೈಸ್ಕೂಲಿನಲ್ಲಿ 22 ವರ್ಷದಿಂದ ವಿಜ್ಞಾನ ಹೇಳುವವಳು. ಪಂಚರ್ ಹಾಕುವುದು ಬರುತ್ತದೆಂಬ ಧೈರ್ಯವಿತ್ತು. ಆದರೆ ಅರ್ಧ ದಿನದಲ್ಲಿ ಮೂರು ಪಂಚರ್ ಆದ ಮೇಲೆ ಆ ಧೈರ್ಯದಲ್ಲೂ ಗಾಳಿ ಉಳಿಯಲಿಲ್ಲ.

ಸೈಕಲ್ ತಳ್ಳಿಕೊಂಡು ಹೋದಾಗ ಒಂದು ಬೇವಿನ ಮರದ ಕೆಳಗೆ ಪಂಚರ್ ಅಂಗಡಿ ಸಿಕ್ಕಿತು. ಅಂಗಡಿಯ ಅಜ್ಜ ನನ್ನ ಟ್ಯೂಬನ್ನು ತಿರುಗಿಸಿ ನೋಡಿದರು. ನಾನೇ ಹಾಕಿದ ಎರಡು ಪ್ಯಾಚುಗಳು ಒಂದರ ಪಕ್ಕ ಒಂದು, ಬೆರಳಿನಷ್ಟು ಅಂತರದಲ್ಲಿ ಕೂತಿದ್ದವು. "ಯವ್ವಾ, ತೂತು ಮುಚ್ಚೋದು ಕೊನಿ ಕೆಲಸ. ಮೊದ್ಲು ಚುಚ್ಚಿದ್ದನ್ನ ಹುಡುಕಬೇಕು" ಅಂದರು. ಟ್ಯೂಬಿನ ವಾಲನ್ನು ಟೈರಿನ ಮೇಲೆ ಅದರ ಜಾಗದಲ್ಲೇ ಇಟ್ಟು, ತೂತಿಗೆ ನೇರವಾಗಿ ಟೈರಿನ ಯಾವ ಭಾಗ ಬರುತ್ತದೆಂದು ನೋಡಿದರು. ಅಲ್ಲಿ ಟೈರನ್ನು ಒಳಮೈ ಹೊರಗಾಗುವಂತೆ ಮಡಚಿ ಇಕ್ಕಳದಿಂದ ಏನನ್ನೋ ಎಳೆದರು. ಕೂದಲಿಗಿಂತ ಸ್ವಲ್ಪ ದಪ್ಪದ, ಅಕ್ಕಿಕಾಳಿನಷ್ಟು ಉದ್ದದ ಉಕ್ಕಿನ ತಂತಿ.

ಲಾರಿಗಳ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ನೇಯ್ಗೆ ಇರುತ್ತದೆ. ಟೈರ್ ಸಿಡಿದಾಗ ಅದರ ಚಿಂದಿ ಹೆದ್ದಾರಿಯ ಅಂಚಿಗೆ ಬೀಳುತ್ತದೆ, ಸೈಕಲ್ಲಿನವರು ಹೋಗುವುದೂ ಅದೇ ಅಂಚಿನಲ್ಲಿ. ಚಿಂದಿಯಿಂದ ಉದುರಿದ ತಂತಿ ಕಣ್ಣಿಗೆ ಕಾಣದೆ ಟೈರಿಗೆ ನಾಟಿ, ಚಕ್ರ ಉರುಳಿದಷ್ಟೂ ಒಳಕ್ಕೆ ಇಳಿಯುತ್ತದೆ. ಅದನ್ನು ಬಿಟ್ಟು ಟ್ಯೂಬಿಗೆ ಎಷ್ಟು ಪ್ಯಾಚ್ ಹಾಕಿದರೂ ಅಷ್ಟೇ. ಆ ಸೀಮೆಯಲ್ಲಿ ಇದರ ಜೊತೆಗೆ ಬಳ್ಳಾರಿ ಜಾಲಿಯ ಮುಳ್ಳೂ ಇದೆ. ಮುಳ್ಳಿನ ಹೊರತುದಿ ಮುರಿದು ಬಿದ್ದರೂ ಮೊನೆ ರಬ್ಬರಿನೊಳಗೇ ಕೂತಿರುತ್ತದೆ.

ಅಂದಿನಿಂದ ನನ್ನದೊಂದು ಕ್ರಮವಿದೆ. ಮೊದಲು ರಸ್ತೆಯಿಂದ ಚೆನ್ನಾಗಿ ದೂರ ಸರಿಯುವುದು. ಹಿಂದಿನ ಗಾಲಿಯಾದರೆ, ಬಿಚ್ಚುವ ಮುಂಚೆ ಚೈನನ್ನು ಅತಿ ಸಣ್ಣ ಹಲ್ಲಿನ ಚಕ್ರಕ್ಕೆ ಇಳಿಸುವುದು. ಹಾಗೆ ಮಾಡಿದರೆ ಗಾಲಿ ಸಲೀಸಾಗಿ ಬಂದು ಸಲೀಸಾಗಿ ಕೂರುತ್ತದೆ. ಟೈರಿನ ಮೇಲಿನ ಕಂಪನಿ ಹೆಸರು ಸದಾ ವಾಲಿನ ಎದುರಿಗೇ ಬರುವಂತೆ ಟೈರ್ ಹಾಕಿರುತ್ತೇನೆ. ಟ್ಯೂಬಿನಲ್ಲಿ ವಾಲಿನಿಂದ ಒಂದು ಗೇಣಿನಾಚೆ ತೂತು ಸಿಕ್ಕರೆ, ಟೈರಿನಲ್ಲೂ ಹೆಸರಿನಿಂದ ಎಡಕ್ಕೋ ಬಲಕ್ಕೋ ಒಂದು ಗೇಣು ಅಳೆದರೆ ಸಾಕು. ತೂತು ಹುಡುಕಲು ಹೊಲದ ಬೋರ್‌ವೆಲ್ ತೊಟ್ಟಿ ಸಿಕ್ಕರೆ ಗುಳ್ಳೆ ನೋಡುವುದು. ನೀರಿಲ್ಲದಿದ್ದರೆ ಗಾಳಿ ತುಂಬಿದ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ತಿರುಗಿಸುವುದು. ಕಿವಿಗೆ ಕೇಳದ ಗಾಳಿಯೂ ಒದ್ದೆ ತುಟಿಗೆ ತಣ್ಣಗೆ ತಾಗುತ್ತದೆ.

ಪ್ಯಾಚ್ ಕೂರುವುದು ಬಲದಿಂದಲ್ಲ, ತಾಳ್ಮೆಯಿಂದ. ಟ್ಯೂಬಿನ ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ತೆಗೆಯಬೇಕು. ಸಲ್ಯೂಷನ್ನನ್ನು ಪ್ಯಾಚಿಗಿಂತ ಅಗಲಕ್ಕೆ ತೆಳುವಾಗಿ ಸವರಿ ಒಣಗಲು ಬಿಡಬೇಕು. ಸಲ್ಯೂಷನ್ ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ದ್ರಾವಕ ಆರಿಹೋಗುವ ಮುಂಚೆ ಪ್ಯಾಚ್ ಒತ್ತಿದರೆ ಅದು ಒಳಗೇ ಸಿಕ್ಕಿಕೊಂಡು ಅಂಚು ಏಳುತ್ತದೆ. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿದರೆ ಗಟ್ಟಿಯಾಗಿ ಹಿಡಿಯುತ್ತದೆ. ನಾನು ಆ ಹೊತ್ತಿನಲ್ಲಿ ಒಂದು ಬಾಳೆಹಣ್ಣು ತಿನ್ನುತ್ತೇನೆ, ಗಡಿಯಾರದ ಬದಲು. ಒಂದು ಎಚ್ಚರಿಕೆ: ಒಮ್ಮೆ ಬಿಚ್ಚಿದ ಸಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ತಾನಾಗಿಯೇ ಒಣಗುತ್ತದೆ. ಬ್ಯಾಗಿನಲ್ಲಿ ಬಿಚ್ಚದ ಒಂದು ಇರಲಿ.

ಹೊಸಪೇಟೆ ದಾಟಿದ ಮೇಲಿನ ನಾಲ್ಕನೇ ಪಂಚರಿನಲ್ಲಿ ತಂತಿಯೂ ಇಲ್ಲ, ಮುಳ್ಳೂ ಇಲ್ಲ. ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು. ತಪ್ಪು ರಸ್ತೆಯದಲ್ಲ, ನನ್ನದು. ಕೈಪಂಪಿನಲ್ಲಿ ಹೊಡೆದು ಹೊಡೆದು ತೋಳು ಸೋತು, ಗಾಳಿ ಅರ್ಧಕ್ಕೇ ಬಿಟ್ಟಿದ್ದೆ. ಗಾಳಿ ಕಡಿಮೆಯಿದ್ದ ಟೈರು ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗುತ್ತದೆ. ಎಷ್ಟು ಗಾಳಿ ತಡೆಯುತ್ತದೆಂದು ಟೈರಿನ ಪಕ್ಕೆಯ ಮೇಲೆಯೇ ಬರೆದಿರುತ್ತದೆ, ಓದಬೇಕು ಅಷ್ಟೆ. ನನ್ನ ಸೈಕಲ್ಲಿನದು ಸಪೂರ ವಾಲು, ನಮ್ಮ ಹಳ್ಳಿಗಳ ಪಂಪು ಅದಕ್ಕೆ ಕೂರುವುದಿಲ್ಲ. ಉಗುರಿನಷ್ಟು ಗಾತ್ರದ ಹಿತ್ತಾಳೆ ಅಡಾಪ್ಟರ್ ಒಂದಿದ್ದರೆ ಬೈಕಿಗೆ ಗಾಳಿ ಹೊಡೆಯುವ ಯಾವ ಅಂಗಡಿಯೂ ನಮ್ಮದೇ ಆಗುತ್ತದೆ.

ಇಳಕಲ್ ಬಿಟ್ಟು ನಿಡಗುಂದಿ ಕಡೆಗೆ ಹೋಗುವಾಗ ಚೂಪು ಕಲ್ಲೊಂದು ಟೈರಿನ ಪಕ್ಕೆಯನ್ನೇ ಸೀಳಿತು. ಸೀಳಿನಿಂದ ಟ್ಯೂಬು ಗುಳ್ಳೆಯಾಗಿ ಹೊರಗೆ ಇಣುಕುತ್ತಿತ್ತು. ಬರೀ ಟ್ಯೂಬ್ ಬದಲಿಸಿದರೆ ಹೊಸದೂ ಅಲ್ಲೇ ಸಿಡಿಯುತ್ತದೆ. ಕೂಡ್ಲಿಗಿಯ ಅಜ್ಜ ಬೆರಳುದ್ದದ ಹಳೇ ಟೈರಿನ ತುಂಡೊಂದನ್ನು ಕೈಗಿಟ್ಟು, "ಇಟ್ಕೊ, ಬೇಕಾಗ್ತತಿ" ಅಂದಿದ್ದರು. ಅದಕ್ಕೆ ಅವರು ದುಡ್ಡು ತೆಗೆದುಕೊಂಡಿರಲಿಲ್ಲ. ಆ ತುಂಡನ್ನು ಸೀಳಿನ ಒಳಮೈಗೆ ಇಟ್ಟು, ಮೇಲೆ ಟ್ಯೂಬ್ ಕೂರಿಸಿ, ಗಾಳಿ ಒಂದಿಷ್ಟು ಕಡಿಮೆ ಹೊಡೆದೆ. ಒಳಗಿನ ಒತ್ತಡವೇ ಅದನ್ನು ಅಲ್ಲಿ ಹಿಡಿದು ನಿಲ್ಲಿಸಿತು. ಹಾಲಿನ ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಡಚಿ ಇಟ್ಟರೂ ಒಂದು ಊರು ದಾಟಬಹುದು. ವಿಜಯಪುರದಲ್ಲಿ ಹೊಸ ಟೈರು ಕೊಂಡೆ.

ದೊಡ್ಡ ಪೆಟ್ಟು ಬಿದ್ದದ್ದು ಜೇವರ್ಗಿಯ ಹತ್ತಿರ. ಹಿಂದಿನ ಗಾಲಿಯಲ್ಲಿ ಟಿಣ್ ಎಂದು ಸದ್ದು, ಆಮೇಲೆ ಸುತ್ತಿಗೊಮ್ಮೆ ರಿಮ್ಮು ಬ್ರೇಕಿಗೆ ಉಜ್ಜುವ ಕರಕರ. ಬಲಗಡೆಯ ಕಡ್ಡಿಯೊಂದು ಬುಡದ ಬಾಗಿನಲ್ಲಿ ತುಂಡಾಗಿತ್ತು. ಗಾಲಿಯೆಂದರೆ ಎಡಗಡ್ಡಿಗಳಿಗೂ ಬಲಗಡ್ಡಿಗಳಿಗೂ ನಡೆಯುವ ಹಗ್ಗಜಗ್ಗಾಟ. ಬಲಗಡೆಯವನೊಬ್ಬ ಕೈಬಿಟ್ಟರೆ ಅಷ್ಟು ಜಾಗದಲ್ಲಿ ರಿಮ್ಮು ಎಡಕ್ಕೆ ಸೊಟ್ಟಗಾಗುತ್ತದೆ. ತುಂಡಾದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿದೆ. ಅಲ್ಲಿಯ ಎಡಗಡ್ಡಿಗಳೆರಡರ ನಿಪ್ಪಲನ್ನು ಅರ್ಧರ್ಧ ಸುತ್ತು ಸಡಿಲಿಸಿ, ಹಿಂದಿನ ಬ್ರೇಕ್ ಬಿಚ್ಚಿಟ್ಟು, ಮುಂದಿನ ಬ್ರೇಕನ್ನೇ ನಂಬಿ ನಿಧಾನ ಹೋದೆ.

ಜೇವರ್ಗಿಯ ಸೈಕಲ್ ಅಂಗಡಿಯ ಹುಡುಗ ಗಾಲಿ ತಿರುಗಿಸಿ ನೋಡಿದ. "ಅಕ್ಕಾರ, ಈ ಸೈಜಿನ ಕಡ್ಡಿ ನಮ್ಮಲ್ಲಿ ಇಲ್ರಿ. ಈ ಫ್ರೀವೀಲ್ ಬಿಚ್ಚೋ ಟೂಲೂ ಇಲ್ಲ. ಆದ್ರ ಕಲಬುರ್ಗಿ ಮುಟ್ಟಂಗ ಮಾಡಿ ಕೊಡ್ತೀನ್ರಿ." ಫ್ರೀವೀಲ್ ಬಿಚ್ಚದೆ ಬಲಗಡೆಗೆ ಹೊಸ ಕಡ್ಡಿ ಪೋಣಿಸಲಾಗದು, ಕಡ್ಡಿಯ ತಲೆ ಅಡ್ಡ ಬರುತ್ತದೆ. ಅವನು 28 ಇಂಚಿನ ಹಳೇ ಸೈಕಲ್ಲಿನ ಉದ್ದ ಕಡ್ಡಿಯೊಂದನ್ನು ತೆಗೆದ. ತಲೆ ಕತ್ತರಿಸಿ, ಆ ತುದಿಯನ್ನು ಇಕ್ಕಳದಿಂದ ಎರಡು ಸಲ ಮಡಚಿ ಕೊಕ್ಕೆ ಮಾಡಿ, ಹಬ್ಬಿನ ತೂತಿಗೆ ಪಕ್ಕದಿಂದಲೇ ತೂರಿಸಿದ. ಇನ್ನೊಂದು ತುದಿಗೆ ನಿಪ್ಪಲ್ ಹಾಕಿ ಬಿಗಿ ಮಾಡಿ, ಬೆಂಡು ತೆಗೆದ. ಅರ್ಧ ಗಂಟೆ ಹಿಡಿಯಿತು.

ಅವನ ಅಂಗಡಿಯಲ್ಲಿ ಕೂತಾಗ ಯೂಜೀನ್ ಕ್ರಿಸ್ತೋಫ್ ನೆನಪಾದ. 1913ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ, ಪಿರನೀಸ್ ಬೆಟ್ಟದ ತೂರ್ಮಲೆ ಇಳಿಜಾರಿನಲ್ಲಿ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಯಾರ ನೆರವನ್ನೂ ಪಡೆಯಬಾರದೆಂಬುದು ನಿಯಮ. ಸೈಕಲ್ ಹೊತ್ತು ಸುಮಾರು 10 ಕಿಲೋಮೀಟರ್ ನಡೆದು, ಕೆಳಗಿನ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ಒಬ್ಬ ಹುಡುಗ ತಿದಿ ಒತ್ತಿದ್ದಕ್ಕೆ ಅವನಿಗೆ ದಂಡ ಬಿತ್ತು. ನಮ್ಮ ಪಯಣದಲ್ಲಿ ಅಂಥ ನಿಯಮವಿಲ್ಲದಿರುವುದು ಪುಣ್ಯ.

ದುಡ್ಡು ಕೊಟ್ಟು ಏಳುವಾಗ ಹುಡುಗ ನನ್ನ ಬ್ಯಾಗುಗಳನ್ನು ಎತ್ತಿ ತೂಗಿ ನೋಡಿ ಕೇಳಿದ: "ಎಲ್ಲಾ ಹಿಂದ ಹಾಕೀರಲ್ರಿ ಅಕ್ಕಾರ?" ಕಡ್ಡಿ ಏಕೆ ತುಂಡಾಯಿತೆಂಬುದಕ್ಕೆ ಉತ್ತರ ಅಲ್ಲಿತ್ತು. ತಂತಿಯನ್ನು ಆಚೀಚೆ ಬಗ್ಗಿಸುತ್ತ ಹೋದರೆ ತುಂಡಾಗುವುದನ್ನು ನಾನೇ ಮಕ್ಕಳಿಗೆ ತೋರಿಸಿದ್ದೇನೆ. ಭಾರ ಹೊತ್ತ ಗಾಲಿ ಉರುಳುವಾಗ ಪ್ರತಿ ಸುತ್ತಿಗೂ ಕಡ್ಡಿ ಸಡಿಲವಾಗಿ ಬಿಗಿಯಾಗಿ, ಹಾಗೆಯೇ ದಣಿಯುತ್ತದೆ. ಒಂದೇ ಸಮ ಬಿಗಿಯಿಲ್ಲದ ಗಾಲಿಯಲ್ಲಿ ಇನ್ನೂ ಬೇಗ. ನೀರು, ಪುಸ್ತಕ, ಟೂಲುಗಳ ಚೀಲವನ್ನು ಮುಂದಿನ ಹ್ಯಾಂಡಲ್ಲಿಗೆ ಕಟ್ಟಿದೆ. ಕಲಬುರಗಿಯಲ್ಲಿ ಸರಿಯಾದ ಕಡ್ಡಿ ಹಾಕಿಸಿ, ಉಳಿದವನ್ನೂ ಬಿಗಿ ಮಾಡಿಸಿದೆ. ಬೀದರಿನವರೆಗೆ ಮತ್ತೆ ಗಾಲಿ ಬಿಚ್ಚಲಿಲ್ಲ.

ದೂರ ಹೊರಡುವವರ ಚೀಲದಲ್ಲಿ ಇಷ್ಟಿದ್ದರೆ ಸಾಕು: ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್, ಎರಡು ಟೈರ್ ಲಿವರ್, ಪಂಪು, ಅಡಾಪ್ಟರ್, 4, 5, 6 ಮಿಲಿಮೀಟರಿನ ಅಲೆನ್ ಕೀ, ನಿಪ್ಪಲ್ ಕೀ, ನಿಮ್ಮ ಗಾಲಿಯ ಅಳತೆಯ ನಾಲ್ಕು ಕಡ್ಡಿ, ಚೈನಿನ ಜೋಡು ಕೊಂಡಿ ಮತ್ತು ಚೈನ್ ಬಿಚ್ಚುವ ಟೂಲು, ಹಳೇ ಟೈರಿನ ಒಂದು ತುಂಡು. ಎಲ್ಲ ಸೇರಿ ಒಂದೂವರೆ ಕಿಲೋ ಮೀರದು. ಹೊರಡುವ ಹಿಂದಿನ ಭಾನುವಾರ ಮನೆಯ ಅಂಗಳದಲ್ಲಿ ಕೂತು, ಹಿಂದಿನ ಗಾಲಿಯನ್ನು ಒಮ್ಮೆ ಬಿಚ್ಚಿ ಟ್ಯೂಬ್ ಬದಲಿಸಿ ನೋಡಿ. ಮತ್ತೆ ಜೋಡಿಸುವ ಮುಂಚೆ ಟೈರಿನೊಳಗೆ ಒಂದು ಸುತ್ತು ಬೆರಳಾಡಿಸಿ. ನಿಧಾನ, ತಂತಿ ಇದ್ದರೆ ಬೆರಳಿಗೂ ಚುಚ್ಚುತ್ತದೆ.