ಹದಿಹರೆಯದ ಮಕ್ಕಳು: ಬೈಯುವ ಮೊದಲು ಸ್ವಲ್ಪ ನೋಡೋಣ



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು ಪುಸ್ತಕ ಮುಚ್ಚಿದ ಮೇಲೆ ಮಾತು ತಿರುಗುವುದು ಹೆಚ್ಚಾಗಿ ಮಕ್ಕಳ ಕಡೆಗೆ. “ಮೊನ್ನೆವರೆಗೂ ಸೆರಗು ಹಿಡ್ಕೊಂಡು ತಿರುಗ್ತಿದ್ದವಳು, ಈಗ ಒಂದು ಮಾತು ಕೇಳಿದ್ರೆ ಬಾಗಿಲು ಹಾಕ್ಕೊಂಡು ಕೂತ್ಕೋತಾಳೆ.” “ನಮ್ಮವನಿಗೆ ಮೀಸೆ ಚಿಗುರಿದ್ದೇ ತಡ, ಅಪ್ಪನಿಗೇ ಎದುರು ಮಾತಾಡ್ತಾನೆ.” ನಾವು ಹೋಗುವ ಸಂಘಗಳಲ್ಲೆಲ್ಲ ಇಂಥ ಮಾತು ಕೇಳುತ್ತೇವೆ. ಕೊನೆಗೆ ಯಾರಾದರೂ “ಎಲ್ಲಾ ಕೊಬ್ಬು, ಎರಡು ಬಿಟ್ರೆ ಸರಿ ಹೋಗುತ್ತೆ” ಅಂತ ಹೇಳಿ ಮಾತು ಮುಗಿಸುತ್ತಾರೆ.

ನಾವು ಕೊಬ್ಬು ಅನ್ನುವುದರಲ್ಲಿ ಎಷ್ಟು ನಿಜವಾಗಿ ಕೊಬ್ಬು, ಎಷ್ಟು ಬೆಳವಣಿಗೆ, ಎಷ್ಟು ರಕ್ತ ಕಡಿಮೆ, ಎಷ್ಟು ಮನಸ್ಸಿನ ಭಾರ? ಇದನ್ನು ಬೇರೆ ಬೇರೆ ಮಾಡಿ ನೋಡದೆ ಎಲ್ಲದಕ್ಕೂ ಒಂದೇ ಮದ್ದು ಕೊಟ್ಟರೆ ತಪ್ಪಾಗುತ್ತದೆ.

10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ವಯಸ್ಸಿನಲ್ಲಿ ಹಾರ್ಮೋನುಗಳು ಕೆಲಸ ಶುರು ಮಾಡಿ ಮೈ ಬದಲಾಗುತ್ತದೆ. ಇದು ನಮಗೆಲ್ಲ ಗೊತ್ತು. ಗೊತ್ತಿಲ್ಲದ ಸಂಗತಿ ಅಂದರೆ ಮೆದುಳೂ ಬದಲಾಗುತ್ತಿರುತ್ತದೆ. ಸಿಟ್ಟು, ಆಸೆ, ಭಯ ಹುಟ್ಟುವ ಭಾಗ ಬೇಗ ಚುರುಕಾಗುತ್ತದೆ. ಮುಂದೇನಾಗುತ್ತದೆ ಅಂತ ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25 ವರ್ಷದ ಹೊತ್ತಿಗೆ. ಎತ್ತುಗಳಿಗೆ ಬಲ ಬಂದಿದೆ, ಹಗ್ಗ ಹಿಡಿಯುವ ಕೈ ಇನ್ನೂ ಪಳಗಿಲ್ಲ, ಅಷ್ಟೇ. ಅದಕ್ಕೇ ಬೆಳಿಗ್ಗೆ ಬಟ್ಟಲು ಎಸೆದವನು ಸಂಜೆ ಏನೂ ಆಗದವನ ಹಾಗೆ “ಅಮ್ಮಾ, ಊಟಕ್ಕೇನು?” ಅಂತ ಬರುತ್ತಾನೆ. ಹಾಗಂತ ಬಟ್ಟಲು ಎಸೆದದ್ದು ಸರಿ ಅಂತಲ್ಲ. ಸಿಟ್ಟು ಇಳಿದ ಮೇಲೆ ಕೂರಿಸಿ ಹೇಳಬೇಕು. ಸಿಟ್ಟು ಏರಿರುವಾಗ ನಾವೂ ಏರಿದರೆ ಇಬ್ಬರ ಮಾತೂ ಒಬ್ಬರಿಗೊಬ್ಬರಿಗೆ ಕೇಳಿಸುವುದಿಲ್ಲ.

ಇನ್ನು “ಸೋಮಾರಿ” ಅನ್ನುವ ಬೈಗುಳ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಆದರೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮೊಬೈಲ್ ಹಾಸಿಗೆಯಲ್ಲಿದ್ದರೆ ಅದೂ ಹೋಯಿತು. ರಾತ್ರಿ ಮನೆಯವರ ಎಲ್ಲಾ ಫೋನುಗಳೂ (ಅಪ್ಪನದೂ ಸೇರಿ) ಒಂದೇ ಕಡೆ ಚಾರ್ಜಿಗೆ ಇಡುವ ಪದ್ಧತಿ ಮಾಡಿ.

ಹುಡುಗಿಯರ ಸೋಮಾರಿತನದ ಹಿಂದೆ ಬಹಳ ಸಲ ಇರುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ. ಸುಸ್ತು, ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು, ಸಣ್ಣ ಮಾತಿಗೂ ಸಿಡುಕು, ಇವೆಲ್ಲ ಅದರಿಂದಲೂ ಬರುತ್ತವೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ಹೊಟ್ಟೆ ತೊಳಸುತ್ತದೆ ಅಂತ ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಹಾಕುವುದೂ ಉಂಟು! ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಮಲ ಕಪ್ಪಾದರೆ ಹೆದರಬೇಡಿ. ಮಾತ್ರೆಯ ಹಿಂದೆಯೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಂಬೆಹುಳಿ, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಸೊಪ್ಪು, ಹುರುಳಿ, ಮೊಟ್ಟೆ, ಮೀನು ಮನೆಗೆ ಬಂದ ದಿನ ಗಂಡಸರಿಗೆ ಬಡಿಸಿ ಉಳಿದದ್ದು ಮಗಳಿಗೆ ಅನ್ನುವ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದನ್ನು ಬದಲಿಸಲು ಯಾವ ಇಲಾಖೆಯೂ ಬರಬೇಕಾಗಿಲ್ಲ, ಸೌಟು ನಮ್ಮ ಕೈಯಲ್ಲೇ ಇದೆ.

ಮುಟ್ಟಿನ ವಿಷಯ ಮಗಳಿಗೆ ಮುಂಚೆಯೇ ಹೇಳಿಡಿ. ಹತ್ತು ವರ್ಷ ತುಂಬಿದಾಗ ಹೇಳಿದರೆ ಬೇಗ ಆಯಿತು ಅಂತಲ್ಲ. ಮೊದಲ ಸಲ ರಕ್ತ ಕಂಡು ತನಗೇನೋ ದೊಡ್ಡ ರೋಗ ಬಂತು ಅಂತ ಅತ್ತವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಗಂಡುಮಕ್ಕಳಿಗೂ ದನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ ಅಂತ ಯಾರಾದರೂ ಹೇಳಬೇಕು. ಅಪ್ಪ ಅಥವಾ ಸೋದರಮಾವ ಹೇಳದಿದ್ದರೆ ಮೊಬೈಲೇ ಅವರಿಗೆ ಗುರುವಾಗುತ್ತದೆ.

ಏರಿಳಿತ ಸಹಜ ಅಂದೆವು. ಆದರೆ ಎಲ್ಲವನ್ನೂ “ವಯಸ್ಸಿನ ಆಟ” ಅಂತ ಬಿಡಬಾರದು. ಎರಡು ವಾರಕ್ಕಿಂತ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನೂ ಇಷ್ಟದ ಆಟವನ್ನೂ ಬಿಟ್ಟರೆ, “ನಾನಿದ್ದು ಏನು ಪ್ರಯೋಜನ” ಅಂತ ಅಂದರೆ, ಅದು ಬೇರೆ ವಿಷಯ. “ಸಾಯಬೇಕು ಅನ್ನಿಸ್ತಿದೆಯಾ ಮಗಾ?” ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಭಾರ ಇಳಿಯುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೂಡಲೇ ಬೀಗ ಹಾಕಿಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎಸ್ಸೆಸ್ಸೆಲ್ಸಿ ಫೇಲಾದರೆ ಅದೇ ವರ್ಷ ಮತ್ತೆ ಬರೆಯಬಹುದು ಅನ್ನುವುದನ್ನು ಫಲಿತಾಂಶಕ್ಕೆ ಮುಂಚೆಯೇ ಹೇಳಿಡಿ. ಮಗು ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಕಂಡರೆ ಹೆದರಿದರೆ, ಟ್ಯೂಶನ್ನಿಗೋ ನೆಂಟರ ಮನೆಗೋ ಹೋಗಲ್ಲ ಅಂದರೆ, ಹಠ ಅಂತ ಎಳೆದುಕೊಂಡು ಹೋಗಬೇಡಿ. ಏನಾಯಿತು ಅಂತ ವಿಚಾರಿಸಿ.

ಈ ನಂಬರುಗಳನ್ನು ಸಂಘದ ನಿರ್ಣಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ: ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹದಿಹರೆಯದವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ನಿಮ್ಮ ಊರಿಗೆ ಹತ್ತಿರದ್ದು ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಗೆ ಒಂದು ಸಂಘದಲ್ಲಿ ನಡೆದದ್ದು. ಸದಸ್ಯೆಯೊಬ್ಬರು ಸಾಲದ ಅರ್ಜಿ ಕೊಟ್ಟರು. ಕಾರಣ: ಮಗಳ ಮದುವೆ. ಹುಡುಗಿಗೆ 16. ಯಾವನೋ ಹುಡುಗನ ಜೊತೆ ಫೋನಿನಲ್ಲಿ ಮಾತಾಡಿದಳು ಅಂತ ಅಪ್ಪ ಫೋನು ಒಡೆದು ಹಾಕಿ, ವಾರದೊಳಗೆ ಗಂಡು ನೋಡಿದ್ದರು. “ಮರ್ಯಾದೆ ಹೋಗೋ ಮುಂಚೆ ದಾಟಿಸಿಬಿಡೋಣ ಅಕ್ಕಾ” ಅಂತ ತಾಯಿ ಅತ್ತರು. ಸಂಘದವರು ಸಾಲ ಕೊಡಲಿಲ್ಲ. 2006ರ ಕಾಯ್ದೆಯಂತೆ 18 ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮದುವೆಯೇ ಅಲ್ಲ. ಅದನ್ನೂ ಹೇಳಿದರು. ಆದರೆ ಆ ತಾಯಿಯ ಮನಸ್ಸು ತಿರುಗಿದ್ದು ಕಾಯ್ದೆಯಿಂದ ಅಲ್ಲ. ಪ್ರತಿನಿಧಿ ಕೇಳಿದರು: “ಅವಳು ಅವನ ಹತ್ರ ಏನು ಮಾತಾಡ್ತಿದ್ಲು ಅಂತ ನೀನು ಕೇಳಿದ್ಯಾ?” ಕೇಳಿರಲಿಲ್ಲ.

ಆ ರಾತ್ರಿ ಕೇಳಿದರು. ಹುಡುಗಿಗೆ ಗಣಿತ ತಲೆಗೆ ಹತ್ತುತ್ತಿರಲಿಲ್ಲವಂತೆ. ಮನೆಯಲ್ಲಿ ಹೇಳಿದರೆ “ಹಂಗಿದ್ರೆ ಓದು ಬಿಡು” ಅಂತಾರೆ ಅಂತ ಹೆದರಿ, ತನ್ನ ಕಷ್ಟ ಕೇಳಿಸಿಕೊಳ್ಳುವ ಒಬ್ಬನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅವನ ಮೇಲೆ ಸ್ವಲ್ಪ ಇಷ್ಟವೂ ಇತ್ತು, ಅದನ್ನೂ ಮುಚ್ಚಿಡಲಿಲ್ಲ. ಅಪ್ಪನನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಅದಕ್ಕೆ ಸಂಘದ ನಾಲ್ಕು ಜನ ಮನೆಗೇ ಹೋಗಬೇಕಾಯಿತು. ಮುಂದಿನ ತಿಂಗಳು ಅದೇ ಸದಸ್ಯೆ ಹೊಸ ಅರ್ಜಿ ಕೊಟ್ಟರು, ಕಾಲೇಜಿನ ಫೀಸಿಗೆ ಅಂತ. ಹುಡುಗಿ ಓದು ಮುಂದುವರಿಸಿದಳು. ತಾಯಿ ಮಗಳ ಜಗಳ ಮಾತ್ರ ಇನ್ನೂ ನಿಂತಿಲ್ಲ. ಹೋದ ಸಭೆಯಲ್ಲೂ ಅದೇ ದೂರು!