ಮುರಿದ ಎಲುಬು ಕೂಡುವ ಬಗೆ

ಮಳೆಗಾಲ ಬಂತೆಂದರೆ ನಮ್ಮ ಕೆಪೆಯಲ್ಲಿ ಅಂಗಳ, ಮೆಟ್ಟಿಲು, ಬಾವಿಕಟ್ಟೆ ಎಲ್ಲೆಲ್ಲೂ ಪಾಚಿ. ಕಾಲು ಜಾರಿ ಬೀಳುವವರಿದ್ದಾರೆ. ತೆಂಗಿನ ಮರದಿಂದ, ಕಟ್ಟುತ್ತಿರುವ ಮನೆಯ ಮೇಲಿನಿಂದ ಬೀಳುವವರೂ ಇದ್ದಾರೆ. ಕೂಲಿಯನ್ನೇ ನಂಬಿದ ಮನೆಯಲ್ಲಿ ದುಡಿಯುವವರ ಕಾಲು ಮುರಿದರೆ ಒಲೆಯೇ ಆರಿದಂತೆ. ಆದ್ದರಿಂದ "ಪ್ಲಾಸ್ಟರ್ ಯಾವಾಗ ತೆಗೆಯುತ್ತಾರೆ?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಈ ಅವಸರ ಏಕೆ ಸಲ್ಲದೆಂಬುದನ್ನು ನಾವು ತಿಳಿಯಬೇಕು.

ಎಲುಬು ಕಲ್ಲಲ್ಲ, ರಕ್ತ ಹರಿಯುವ ಜೀವಂತ ಅಂಗ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತನೆಯ ಬೆಸುಗೆ ಮೂಡುತ್ತದೆ. ಬಳಿಕ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಮಕ್ಕಳ ಮುಂಗೈ ಎಲುಬಿಗೆ ಸಾಮಾನ್ಯವಾಗಿ 4ರಿಂದ 6 ವಾರ ಸಾಕು. ದೊಡ್ಡವರ ತೊಡೆಯ ಎಲುಬಿಗೆ 3ರಿಂದ 6 ತಿಂಗಳು ಬೇಕು. ಪ್ಲಾಸ್ಟರ್ ಆಗಲಿ, ಒಳಗೆ ಹಾಕುವ ಸಲಾಕೆಯಾಗಲಿ ಎಲುಬನ್ನು ಬೆಸೆಯುವುದಿಲ್ಲ. ಸರಿಯಾದ ಜಾಗದಲ್ಲಿ ಹಿಡಿದಿಡುತ್ತವೆ ಅಷ್ಟೆ. ಬೆಸೆಯುವ ಕೆಲಸ ದೇಹದ್ದು. ಸ್ಲ್ಯಾಬ್ ಗಟ್ಟಿಯಾಗುವ ಮೊದಲೇ ಯಾವ ಗೌಂಡಿಯಾದರೂ ಸೆಂಟ್ರಿಂಗ್ ಬಿಚ್ಚುತ್ತಾನೆಯೇ? ನೋವು ನಿಂತಿತೆಂದು ಪ್ಲಾಸ್ಟರ್ ಒಡೆಯುವುದೂ ಹಾಗೆಯೇ.

ಬೆಂಗಳೂರಿನ ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರು ಬೌಲ್ ಮಾಡಿ ಲಾರಾ ಅವರನ್ನು ಔಟ್ ಮಾಡಿದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವರು ಸರಣಿಯನ್ನು ಅಲ್ಲಿಗೇ ಬಿಟ್ಟು, ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳಿದ್ದನ್ನು ನಾವು ಮರೆಯುತ್ತೇವೆ. ಧೈರ್ಯಕ್ಕೂ ಚಿಕಿತ್ಸೆ ಬೇಕು.

ಯಾರಾದರೂ ಬಿದ್ದಾಗ ಆ ಜಾಗವನ್ನು ಎಳೆಯಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು. ಅಲುಗದಂತೆ ಹಲಗೆಯ ಆಸರೆ ಕೊಟ್ಟು 108ಕ್ಕೆ ಕರೆ ಮಾಡಬೇಕು. ಜಿಲ್ಲಾ ಆಸ್ಪತ್ರೆ ಮಡಗಾಂವಿನಲ್ಲಿದೆ. ಕಟ್ಟು ಹಾಕಿದ ಮೇಲೆ ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲೆಂದು ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಬಿಗಿಯಾದ ಕಟ್ಟು ರಕ್ತದ ಹರಿವನ್ನು ತಡೆದು ಕೈಕಾಲನ್ನೇ ಕಳೆಯಬಲ್ಲದು.

ರಾಗಿ, ಹಾಲು, ಬೇಳೆ, ಮೊಟ್ಟೆ, ಮೀನು, ಎಳೆಬಿಸಿಲು ಎಲುಬಿಗೆ ಬಲ. ಬೀಡಿ ಸಿಗರೇಟು ಶತ್ರು. ಪ್ಲಾಸ್ಟರ್ ತೆಗೆದಾಗ ಕಾಲು ಸಣಕಲಾಗಿ, ಕೀಲು ಬಿಗಿದು ಕಂಡರೆ ಹೆದರಬೇಡಿ. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿದರೆ ಶಕ್ತಿ ಮರಳುತ್ತದೆ.

ಪಾಲಕರೇ, ಮೂರು ತಿಂಗಳ ಕೂಲಿ ಹೋಗುವುದು ಸಣ್ಣ ಮಾತಲ್ಲ. ಆದರೆ ಅವಸರ ಮಾಡಿ ಎಲುಬು ಸೊಟ್ಟಗೆ ಕೂಡಿದರೆ ಮುಂದಿನ ದುಡಿಮೆಗೂ ಕುತ್ತು. ತಾಳಿದವನು ಬಾಳಿಯಾನು ಎಂಬ ಗಾದೆ ಎಲುಬಿಗೂ ಸಲ್ಲುತ್ತದೆ.