ಬಿಸುವಿನ ಸೂರ್ಯ, ಬಾನಿನ ಸೂರ್ಯ

ಸೂರ್ಯನಿಗೆಂದೇ ಕಟ್ಟಿದ ಗುಡಿಗಳು ಕರಾವಳಿಯಲ್ಲಿ ವಿರಳ. ಮಂಗಳೂರಿನ ಮರೋಳಿ, ಬೆಳ್ತಂಗಡಿ ತಾಲೂಕಿನ ನಾರಾವಿ, ಹೀಗೆ ಥಟ್ಟನೆ ನೆನಪಾಗುವ ಸೂರ್ಯನಾರಾಯಣ ದೇವಸ್ಥಾನಗಳು ಕೆಲವೇ. ಹಾಗೆಂದು ಇಲ್ಲಿ ಸೂರ್ಯಾರಾಧನೆ ಕಡಿಮೆ ಎನ್ನುವಂತಿಲ್ಲ. ಅದು ಗುಡಿಗಿಂತ ಹೆಚ್ಚಾಗಿ ಪಂಚಾಂಗದಲ್ಲಿ ನೆಲೆಸಿದೆ.

ಮಂಗಳೂರಿನ ರಥಬೀದಿಯ ಕೊಡಿಯಾಲ್ ತೇರನ್ನೇ ನೋಡಿ. ತೇರೇರುವವನು ವೆಂಕಟರಮಣ, ಆದರೆ ದಿನ ಸೂರ್ಯನದು. ಮಾಘ ಶುದ್ಧ ಸಪ್ತಮಿ, ಅಂದರೆ ರಥಸಪ್ತಮಿ. ಏಳು ಕುದುರೆಗಳ ರಥ ಅಂದು ಉತ್ತರಕ್ಕೆ ತಿರುಗುತ್ತದೆಂಬ ನಂಬಿಕೆ. ಆ ದಿನ ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುತ್ತಾರೆ. ಸಂಸ್ಕೃತದ 'ಅರ್ಕ' ಎಂಬ ಪದಕ್ಕೆ ಸೂರ್ಯ, ಎಕ್ಕ ಎಂಬ ಎರಡು ಅರ್ಥಗಳೂ ಇವೆ.

ರಥಸಪ್ತಮಿಗೆ ಚಂದ್ರನ ತಿಥಿಯ ಲೆಕ್ಕ. ತುಳುವರ ತಿಂಗಳುಗಳಿಗೆ ಸೂರ್ಯನದೇ ಲೆಕ್ಕ. ಸೂರ್ಯ ಮೇಷ ರಾಶಿಯನ್ನು ಹೊಕ್ಕಾಗ ಪಗ್ಗು ತಿಂಗಳು ಹುಟ್ಟುತ್ತದೆ. ಅದರ ಮೊದಲ ದಿನವೇ ಬಿಸು. ಮುಂಜಾನೆ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಣ್ಣುಗಳ ಕಣಿ ಕಂಡು ಹಿರಿಯರ ಕಾಲಿಗೆರಗುವುದು ರೂಢಿ. ಒಕ್ಕಲುಗಳು ಧಣಿಯ ಮನೆಗೆ ಬೆಳೆಯ ಕಾಣಿಕೆ ಒಯ್ಯುತ್ತಿದ್ದುದೂ ಈ ದಿನವೇ.

ಸ್ವಾರಸ್ಯ ಇರುವುದು ಹೆಸರಿನಲ್ಲಿ. ಬಿಸು, ಕೇರಳದ ವಿಷು ಎರಡಕ್ಕೂ ಮೂಲ 'ವಿಷುವ', ಅಂದರೆ ಹಗಲು ರಾತ್ರಿ ಸಮನಾಗಿರುವ ದಿನ. ಆದರೆ ಹಗಲು ರಾತ್ರಿ ಸಮನಾಗುವುದು ಮಾರ್ಚ್ 20-21ರ ಸುಮಾರಿಗೆ. ಬಿಸು ಬರುವುದು ಏಪ್ರಿಲ್ 14-15ಕ್ಕೆ. ಇಪ್ಪತ್ತನಾಲ್ಕು ದಿನಗಳ ಈ ಅಂತರ ಎಲ್ಲಿಂದ ಬಂತು?

ಉತ್ತರ ಭೂಮಿಯ ಚಲನೆಯಲ್ಲಿದೆ. ವೇಗ ತಗ್ಗಿದ ಬುಗುರಿಯ ಮೊಳೆ ಓಲಾಡುವಂತೆ ಭೂಮಿಯ ಅಕ್ಷವೂ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ನಕ್ಷತ್ರಗಳನ್ನು ನೋಡಿ ಗುಣಿಸಿದ ವರ್ಷಕ್ಕೂ ಋತುಗಳ ವರ್ಷಕ್ಕೂ ಸುಮಾರು 72 ವರ್ಷಗಳಲ್ಲಿ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ನಮ್ಮ ಪಂಚಾಂಗ ಹಿಡಿದದ್ದು ನಕ್ಷತ್ರದ ದಾರಿಯನ್ನು. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಆಗಿದ್ದವು. ಇನ್ನು ಎರಡು ಸಾವಿರ ವರ್ಷ ಕಳೆದರೆ ಬಿಸು ಮೇ ತಿಂಗಳ ನಡುವಿಗೆ, ಮಳೆಗಾಲದ ಹೊಸ್ತಿಲಿಗೆ ಬಂದಿರುತ್ತದೆ. ಬಿತ್ತನೆಗೆ ಸಜ್ಜಾಗುವ ಹಬ್ಬಕ್ಕೆ ಇದು ಸಣ್ಣ ಮಾತಲ್ಲ.

ಇದನ್ನು ಸರಿಪಡಿಸಲು ಸರಕಾರ 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು. ಅದು ಗೆಜೆಟ್ಟು, ಆಕಾಶವಾಣಿಗಳನ್ನು ಮುಟ್ಟಿತು. ದೇವರ ಕೋಣೆಯನ್ನು ಮುಟ್ಟಲಿಲ್ಲ. ಅಜ್ಜನ ಕಾಲದಿಂದ ಕಣಿ ಇಟ್ಟ ದಿನವನ್ನು ಲೆಕ್ಕಾಚಾರಕ್ಕಾಗಿ ಬದಲಿಸಲು ಜನ ಒಪ್ಪಲಿಲ್ಲ.

ಆದರೂ ಬಿಸು ಸೂರ್ಯನಿಂದ ಪೂರ್ತಿ ದೂರವಾಗಿಲ್ಲ. ಹಬ್ಬ ಕಳೆದು ಹತ್ತು ದಿನಕ್ಕೆ, ಏಪ್ರಿಲ್ 24ರ ಸುಮಾರಿಗೆ, ಅವನು ಮಂಗಳೂರಿನ ನಡುನೆತ್ತಿಗೆ ಬರುತ್ತಾನೆ. ಅಂದು ಮಧ್ಯಾಹ್ನ ಅಂಗಳದಲ್ಲಿ ನೆಟ್ಟಗೆ ಊರಿದ ಕೋಲಿಗೆ ಕ್ಷಣಕಾಲ ನೆರಳೇ ಇರುವುದಿಲ್ಲ. ಮೋಡವಿಲ್ಲದಿದ್ದರೆ ಯಾರು ಬೇಕಾದರೂ ನೋಡಬಹುದು.